ಗುಡಿಯ ಗಂಟೆ ತಪ್ಪಿದ ದಿನ

ಕಲಬುರಗಿಯಲ್ಲಿ ಕಮಲಾಪುರದ ಬಸ್ಸು ಹತ್ತಿದೊಡನೆ ನಾಲ್ಕು ವರ್ಷದ ಮೊಮ್ಮಗಳು ಗೌರಿ ನೆಲಕ್ಕೆ ಬಿದ್ದು ಚೀರತೊಡಗಿದಳು. ಗದರಿದರೆ ತಲೆಯನ್ನೇ ಸೀಟಿಗೆ ಚಚ್ಚಿಕೊಂಡಳು. ಹಠವೆಂದು ನಾನು ಕೈಯೆತ್ತಿದೆ. ಪಕ್ಕದ ಸೀಟಿನಲ್ಲಿದ್ದ ಬಾಲವಾಡಿ ಶಿಕ್ಷಕಿಯೊಬ್ಬರು ತಡೆದರು.

“ಹೊಡೀಬ್ಯಾಡ್ರಿ ಕಾಕಾ. ಯಾವಾಗ್ಲೂ ಮಾಡೂದು ಇವತ್ತ ಏನರ ಬಿಟ್ಟೀರೇನ್ರಿ?”

ಬಿಟ್ಟಿದ್ದೆ. ಊರಿಗೆ ಹೊರಟಾಗಲೆಲ್ಲ ಶರಣಬಸವೇಶ್ವರ ಗುಡಿಯಲ್ಲಿ ಅವಳನ್ನೆತ್ತಿ ಗಂಟೆ ಹೊಡೆಸುತ್ತಿದ್ದೆ. ಅಂದು ತಡವಾಯಿತೆಂದು ನೇರ ಬಂದಿದ್ದೆ. ತಕ್ಷಣ ಇಳಿದು ಗುಡಿಗೆ ಹೋದೆವು. ಗಂಟೆ ಹೊಡೆದವಳು ಮುಂದಿನ ಬಸ್ಸಿನಲ್ಲಿ ಕಮಲಾಪುರದವರೆಗೂ ಕಿಟಕಿಯಾಚೆ ನೋಡುತ್ತ ಶಾಂತವಾಗಿ ಕುಳಿತಳು.

ವಿಷಯ ಕೇಳಿ ನನ್ನ ಹೆಂಡತಿ, “ಐದಕ್ಕ ಚಹಾ ಬರ್ಲಿಲ್ಲಂದ್ರ ನೀವೇನ ಕಡಿಮಿ ಒದರ್ತೀರಿ?” ಎಂದಳು.

ಮುಂದೆ ಆಸ್ಪತ್ರೆಗೆ ತೋರಿಸಿದಾಗ, ರೂಢಿ ತಪ್ಪಿದರೆ ಮಕ್ಕಳು ಹೀಗೆ ಕಂಗೆಡುವ ಆಟಿಸಂ ಇರಬಹುದೆಂದು ವೈದ್ಯರು ಹೇಳುವ ಹೊತ್ತಿಗೆ, ಮಗುವಿಗೇನಾಗಿದೆಯೋ ಎಂಬ ನನ್ನ ಭಯ ಅರ್ಧ ಇಳಿದಿತ್ತು. ಏನೇ ಬದಲಾದರೂ ಗೌರಿಗೆ ಮೊದಲೇ ತಿಳಿಸುವುದು ಅಷ್ಟರಲ್ಲಿ ನನ್ನ ನಿಯಮವಾಗಿತ್ತು.