ಗುಡ್ಡದ ಕಡೆಯಿಂದ ಬಂದ ಕೂಗು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದೆ. ಹಿರಿಯೂರಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವನು ನಾನು. ಈಗ ನಾನೇ ಅಂಥದೊಂದನ್ನು ಬರೆಯಲು ಕುಳಿತಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ನನ್ನ ಅಣ್ಣ ಚಿತ್ತಣ್ಣ ಜವನಗೊಂಡನಹಳ್ಳಿ ಹತ್ತಿರದ ನಮ್ಮ ಊರಿನಲ್ಲಿ ಕುರಿ ಕಾಯುವವನು. ಕೆಲವು ವರ್ಷಗಳ ಹಿಂದೆ ಅವನಿಗೆ ಅನ್ನನಾಳದ ಕ್ಯಾನ್ಸರ್ ಆಯಿತು. ಕಿಮೋ, ರೇಡಿಯೇಷನ್ ಎಲ್ಲ ಮುಗಿದು ಗೆಡ್ಡೆ ಕರಗಿತು, ಅಣ್ಣ ಮತ್ತೆ ಕುರಿಗಳ ಹಿಂದೆ ಹೊರಟ. ಮರುವರ್ಷ ಮುದ್ದೆ ಎದೆಯಲ್ಲಿ ನಿಲ್ಲತೊಡಗಿತು, ಆಮೇಲೆ ಗಂಜಿಯೂ. ಗೆಡ್ಡೆ ಅದೇ ಜಾಗದಲ್ಲಿ ಮತ್ತೆ ಬೆಳೆದಿತ್ತು.

ಬೇರೆಲ್ಲೂ ಹರಡಿಲ್ಲ, ಆಪರೇಷನ್ ಮಾಡಬಹುದು ಎಂದರು ಬೆಂಗಳೂರಿನ ಡಾಕ್ಟರು. ಅನ್ನನಾಳವನ್ನೇ ತೆಗೆದು, ಜಠರವನ್ನು ಕೊಳವೆಯಂತೆ ಮಾಡಿ ಕುತ್ತಿಗೆಯವರೆಗೆ ಎಳೆದು ಜೋಡಿಸಬೇಕಿತ್ತು. ರೇಡಿಯೇಷನ್ ಆದ ಜಾಗ, ಒಳಗೆಲ್ಲ ಅಂಟಿಕೊಂಡಿರುತ್ತದೆ. ಜೀವಕ್ಕೆ ಅಪಾಯವಿದೆ, ಧ್ವನಿಯ ನರ ಪಕ್ಕದಲ್ಲೇ ಇರುವುದರಿಂದ ಧ್ವನಿಯೂ ಹೋಗಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು.

"ಧ್ವನಿ ಹೋದ್ರೆ ಹೋಗ್ಲಿ ಬಿಡ್ರಿ ಡಾಕ್ಟ್ರೆ. ಮುದ್ದೆ ಇಳಿಯಂಗೆ ಮಾಡ್ರಿ," ಎಂದ ಅಣ್ಣ.

ಅವನಿಗೆ ಮಕ್ಕಳಿಲ್ಲ. ಅತ್ತಿಗೆ ಆಸ್ಪತ್ರೆಯಲ್ಲಿ ಉಳಿದರು. ನಾನು ರಜೆ ಹಾಕಿ ಕುರಿ ನೋಡಿಕೊಳ್ಳಲು ಊರಿಗೆ ಹೋದೆ.

ಆಪರೇಷನ್ನಿನ ದಿನ ಬೆಳಿಗ್ಗೆ, ಅಣ್ಣನನ್ನು ಒಳಗೆ ಕರೆದುಕೊಂಡು ಹೋದರೆಂದು ಅತ್ತಿಗೆ ಫೋನ್ ಮಾಡಿದರು. ಮನೆಯಲ್ಲಿ ಕೂರಲಾಗದೆ ಕುರಿ ಹೊಡೆದುಕೊಂಡು ಹೊರಟೆ. ಮಧ್ಯಾಹ್ನ ಒಳ್ಳೆ ಬಿಸಿಲು. ಶೇಂಗಾ ಕಿತ್ತ ಹೊಲದಲ್ಲಿ ಮೇಯುತ್ತಿದ್ದ ಕುರಿಗಳು ಯಾವುದಕ್ಕೋ ಬೆದರಿ, ಹಿಂಡಿಗೆ ಹಿಂಡೇ ಹೈವೇ ಕಡೆ ಓಡಿದವು. ಅಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ನಾನು ಓಡುತ್ತ ಕೂಗಿಕೊಂಡೆ. ಒಂದೂ ತಿರುಗಲಿಲ್ಲ.

ಆಗ ಹಿಂದಿನ ಗುಡ್ಡದ ಕಡೆಯಿಂದ ಅಣ್ಣನ ಕೂಗು ಕೇಳಿಸಿತು. ನಾಲಿಗೆ ಹೊರಳಿಸಿ ಶುರುಮಾಡಿ, ಕೊನೆಯಲ್ಲಿ ಉದ್ದಕ್ಕೆ ಎಳೆಯುವ ಕೂಗು. ಒಬ್ಬೊಬ್ಬ ಕುರಿಗಾರನದು ಒಂದೊಂದು ಥರ; ಅಣ್ಣನದನ್ನು ಚಿಕ್ಕಂದಿನಿಂದ ಕೇಳಿ ಬೆಳೆದವನು ನಾನು. ಕುರಿಗಳು ರಸ್ತೆಯಂಚಿನಲ್ಲಿ ನಿಂತು ತಲೆಯೆತ್ತಿದವು. ಹಾಗೇ ತಿರುಗಿ ನನ್ನನ್ನು ದಾಟಿಕೊಂಡು ಹೋಗಿ ಗುಡ್ಡದ ಬುಡದಲ್ಲಿ ಗುಂಪಾದವು. ಅಲ್ಲಿ ಯಾರೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಅಣ್ಣ ತೀರಿಹೋದ ಎಂದುಕೊಂಡೆ. ಬದುವಿನ ಮೇಲೆ ಕುಳಿತೆ. ಪಕ್ಕದ ಹೊಲದಲ್ಲಿ ಕುರಿ ಬಿಟ್ಟುಕೊಂಡಿದ್ದ ನಮ್ಮೂರಿನ ಕರಿಯಪ್ಪ ಹತ್ತಿರ ಬಂದ.

"ಏನಪ್ಪ, ನಿಮ್ಮಣ್ಣ ಯಾವಾಗ ಬಂದ?"

"ಬಂದಿಲ್ಲ. ಅಲ್ಲಿ ಈಗ ಆಪರೇಷನ್ ನಡೀತೈತೆ."

"ಮತ್ತೆ ಕೂಗಿದ್ದು?"

ನಾನು ಎದ್ದು ಕುರಿಗಳ ಕಡೆ ನಡೆದೆ. ಅವುಗಳನ್ನು ಊರಿನ ರೊಪ್ಪದ ಬೇಲಿಯೊಳಗೆ ಕೂಡಿಹಾಕುವವರೆಗೆ ಕರಿಯಪ್ಪ ನನ್ನ ಜೊತೆಯಲ್ಲೇ ಬಂದ.

ಅತ್ತಿಗೆಗೆ ಫೋನ್ ಮಾಡುವ ಧೈರ್ಯ ನನಗೆ ಬರಲಿಲ್ಲ. ಸಂಜೆ ಅವರೇ ಮಾಡಿದರು. "ಜೀವಕ್ಕೇನೂ ತೊಂದ್ರೆ ಇಲ್ವಂತೆ ಕಣಪ್ಪ. ಗೆಡ್ಡೆ ಪೂರ್ತಿ ತೆಗ್ದವ್ರೆ. ಧ್ವನಿ ನರಕ್ಕೆ ಸುತ್ಕೊಂಡಿತ್ತಂತೆ, ಅದನ್ನೂ ಕತ್ತರಿಸ್ಬೇಕಾತಂತೆ," ಎಂದು ಹೇಳಿ ಅತ್ತರು. ನಾನೂ ಅತ್ತೆ.

ಬಿಸಿಲಿಗೆ, ಗಾಬರಿಗೆ ನನ್ನ ಕಿವಿ ಮೋಸಹೋಗಿರಬಹುದು. ಆದರೆ ಕರಿಯಪ್ಪನಿಗೆ ಯಾವ ಗಾಬರಿ? ಕುರಿಗಳಿಗೆ? ಯಾರಾದರೂ ಅಣ್ಣನಂತೆ ಕೂಗಿರಬಹುದೆಂದು ಸುತ್ತಲಿನ ಹಳ್ಳಿಗಳಲ್ಲೂ ವಿಚಾರಿಸಿದೆ. ಅವತ್ತು ಆ ಗುಡ್ಡದ ಕಡೆ ಹೋದವರು ಯಾರೂ ಸಿಗಲಿಲ್ಲ. ಆ ಹೊತ್ತಿನಲ್ಲಿ ಅಣ್ಣ ಗಂಟಲಿಗೆ ನಳಿಕೆ ಹಾಕಿಸಿಕೊಂಡು ಪ್ರಜ್ಞೆಯಿಲ್ಲದೆ ಮಲಗಿದ್ದ. ಇದಕ್ಕಿಂತ ಹೆಚ್ಚು ನನಗೆ ಇಂದಿಗೂ ತಿಳಿಯದು.

ಅಣ್ಣ ಬದುಕಿದ. ಈಗ ಸ್ವಲ್ಪ ಸ್ವಲ್ಪವೇ, ದಿನಕ್ಕೆ ಹಲವು ಸಲ ಉಣ್ಣುತ್ತಾನೆ. ಮಾತು ಮಾತ್ರ ಬರೀ ಉಸಿರು, ಹತ್ತಿರ ಕುಳಿತರಷ್ಟೇ ತಿಳಿಯುತ್ತದೆ. ಊರಿಗೆ ಬಂದ ಮೇಲೆ ಒಂದು ದಿನ ಅವನಿಗೆ ಎಲ್ಲವನ್ನೂ ಹೇಳಿದೆ.

"ನಂಗೇನೂ ಗೊತ್ತಿಲ್ಲ ಕಣಲೇ. ಸೂಜಿ ಕೊಟ್ಟಿದ್ದಷ್ಟೇ ನೆಪ್ಪು," ಎಂದ. ನನ್ನ ಹತ್ತಿರ ಸರಿದು, "ಹೆಂಗಿತ್ತು? ಒಂದ್ಸಲ ಕೂಗು, ನೋಡಾಣ," ಎಂದು ಕೇಳಿದ.

ರೊಪ್ಪದ ಮುಂದೆ ನಿಂತು ನನಗೆ ಬಂದಂತೆ ಕೂಗಿದೆ. ಒಂದು ಕುರಿಯೂ ತಲೆಯೆತ್ತಲಿಲ್ಲ. ಅಣ್ಣ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕ. ಆಮೇಲೆ ಆಚೆ ತಿರುಗಿ, ಗುಡ್ಡದ ಕಡೆ ನೋಡುತ್ತ ಬಹಳ ಹೊತ್ತು ಕುಳಿತ.