ಹ್ಯಾಟಿನಲ್ಲಿ ಉಳಿದ ನೀರು

ಕೆಟ್ಟ ಪೆಟ್ರೋಲು ಕುಡಿದು ಕಾಯಿಲೆ ಬಿದ್ದ ಎಂಜಿನ್ನುಗಳ ಚಿಕಿತ್ಸೆಯಲ್ಲಿ ಮಾನ್ಯ ಮೇವಿಸ್ ಟ್ರೆಗೆನ್ಸಾ ಅವರಿಗೆ ಸಮನಾದವರು ಹಿಂದೆ ಇರಲಿಲ್ಲ, ಈಗ ಇಲ್ಲ, ಮುಂದೆ ಹುಟ್ಟಿಯಾರೆಂಬ ಆಸೆಯನ್ನು ಈ ಲೇಖಕನಂತೂ ಇಟ್ಟುಕೊಂಡಿಲ್ಲ. ಆಸ್ಟ್ರೇಲಿಯಾದ ಅರ್ಧದಷ್ಟು ಕಾರುಗಳು ಅವರ ಹೆಸರು ಕೇಳಿದರೆ ಸಾಕು, ಚಾಲೂ ಆಗುತ್ತವೆ. ಉಳಿದರ್ಧಕ್ಕೆ ಆ ಹೆಸರು ಇನ್ನೂ ತಲುಪಿಲ್ಲ, ಅದಕ್ಕೇ ಅವು ದಾರಿಯಲ್ಲಿ ನಿಲ್ಲುತ್ತವೆ. ಉತ್ತರದ ಹಾದಿಯಲ್ಲಿ, ಹಿಂದಿನ ಪೆಟ್ರೋಲ್ ಬಂಕಿಗೆ ನೂರ ನಲವತ್ತು, ಮುಂದಿನದಕ್ಕೆ ಇನ್ನೂರ ಹತ್ತು ಕಿಲೋಮೀಟರ್ ದೂರವಿರುವ ಟೋಬಿನ್ ಬಾವಿ ಎಂಬಲ್ಲಿನ ತಗಡಿನ ಗ್ಯಾರೇಜಿನಲ್ಲಿ ನಲವತ್ತಾರು ವರ್ಷ ದುಡಿದು ಈ ತಿಂಗಳು ಸ್ಪ್ಯಾನರ್ ಕೆಳಗಿಡುತ್ತಿರುವ ಅವರಿಗೆ ಮೋಟಾರು ಕೆಲಸಗಾರರ ಸಂಘವು ಅರ್ಪಿಸುತ್ತಿರುವ ಈ ಸಂಪುಟದಲ್ಲಿ, ಅದೇ ಹಾದಿಯಲ್ಲಿ ಮೂವತ್ತೊಂದು ವರ್ಷ ಅಂಚೆ ಲಾರಿ ಓಡಿಸಿದ ಡೆಸ್ ಕ್ಯಾಲಿನನ್ ಎಂಬ ಈ ಲೇಖಕನಿಗೂ ಜಾಗ ಕೊಟ್ಟಿರುವುದು ಸಂಪಾದಕರ ದೊಡ್ಡಗುಣ.

ತಂದೆ ಜೇಬೆಜ್ ಅವರು ತೀರಿಕೊಂಡಾಗ ಮಗಳಿಗೆ ಬಿಟ್ಟುಹೋದದ್ದು ಮೂರು: ಗ್ಯಾರೇಜು, ಮಸಿ ಹಿಡಿದ ಟೀ ಕೆಟಲು, ಮತ್ತು ಮೊಲದ ತುಪ್ಪಟವನ್ನು ಒತ್ತಿ ಮಾಡಿದ ಒಂದು ಹ್ಯಾಟು. ಒಳ್ಳೆಯ ತುಪ್ಪಟದ ಹ್ಯಾಟಿಗೆ ಪೆಟ್ರೋಲು ಸುರಿದರೆ ಪೆಟ್ರೋಲು ಕೆಳಗೆ ಸೋರಿಹೋಗಿ ನೀರು ಮಾತ್ರ ಗುಂಡುಗುಂಡಾಗಿ ಒಳಗೇ ಉಳಿಯುತ್ತದೆಂಬುದು ನಮ್ಮ ಕಡೆಯವರೆಲ್ಲ ಬಲ್ಲ ಸಂಗತಿ. ಆದರೆ ಮೇವಿಸ್ ಅವರಿಗೆ ಹ್ಯಾಟು ಬೇಕಾಗುತ್ತಿದ್ದದ್ದು ಕಾರಿನ ಒಡೆಯನನ್ನು ನಂಬಿಸಲಿಕ್ಕಷ್ಟೇ. ಕಾರು ಇನ್ನೂ ಇಪ್ಪತ್ತು ಕಿಲೋಮೀಟರ್ ಆಚೆಗಿರುವಾಗಲೇ ಅದರ ಕೆಮ್ಮು ಕೇಳಿ ರೋಗ ಹೇಳಿಬಿಡುತ್ತಿದ್ದರು. ಜಗ್ಗಿ ಜಗ್ಗಿ ಏರಿನಲ್ಲಿ ಉಸಿರು ಕಟ್ಟಿದರೆ ನೀರು. ಭಾರ ಎಳೆಯುವಾಗ ಡಬ್ಬದಲ್ಲಿ ಗೋಲಿ ಕುಲುಕಿದ ಹಾಗೆ ಸದ್ದಾದರೆ ಸತ್ವವಿಲ್ಲದ ಪೆಟ್ರೋಲು. ಸದ್ದಿನ ಜೊತೆಗೆ ಹೊಗೆಯನ್ನೂ ಎಳೆದುಕೊಂಡು ಬಂದರೆ ಸೀಮೆಎಣ್ಣೆಯ ಬೆರಕೆ. ಇಪ್ಪತ್ತು ಎಂದದ್ದು ಉತ್ಪ್ರೇಕ್ಷೆಯೆಂದು ಸಂಪಾದಕರು ಟಿಪ್ಪಣಿ ಹಾಕಿದ್ದರು. ಗಾಳಿ ಅನುಕೂಲವಿದ್ದ ದಿನ ಇಪ್ಪತ್ತೈದು ಎಂದು ತಿದ್ದಿಕೊಳ್ಳಬೇಕಾಗಿ ವಿನಂತಿ.

ಟ್ಯಾಂಕು ಬಿಚ್ಚಿ, ತೊಳೆದು, ಬಿಸಿಲಿಗಿಟ್ಟು, ಕಾರ್ಬುರೇಟರಿನ ಸಣ್ಣ ತೂತುಗಳನ್ನು ಊದಿ ಚೊಕ್ಕಟ ಮಾಡುವಷ್ಟರಲ್ಲಿ ಎರಡು ದಿನವಾಗುತ್ತಿತ್ತು. ಆ ಎರಡು ದಿನ ಪ್ರಯಾಣಿಕರು ಅವರ ಮನೆಯ ನೆಂಟರು. ಕುರಿಮಾಂಸದ ಹುರಿದ ತುಂಡು, ಬೂದಿಯಲ್ಲಿ ಬೇಯಿಸಿದ ದಪ್ಪ ರೊಟ್ಟಿ, ಇಸ್ಪೀಟು, ಟೀ. ಹೊರಡುವಾಗ ಅವರ ಪೆಟ್ರೋಲಿನ ಒಂದಿಷ್ಟನ್ನು ಜಾಮಿನ ಬಾಟಲಿಗೆ ತುಂಬಿ, ಹೆಸರು, ತಾರೀಖು, ತುಂಬಿಸಿಕೊಂಡ ಬಂಕು ಬರೆದ ಚೀಟಿ ಅಂಟಿಸಿ ಮೇವಿಸ್ ಅವರು ಕಪಾಟಿನಲ್ಲಿಡುತ್ತಿದ್ದರು. ಬೇರೆಯವರು ನೆಂಟರ ಫೋಟೋ ಇಟ್ಟುಕೊಳ್ಳುವ ಹಾಗೆ.

ಎಂಬತ್ತೊಂಬತ್ತರಲ್ಲಿ ಮರುಭೂಮಿಗೆ ಅಪರೂಪದ ಮಳೆ ಹಿಡಿಯಿತು. ರಸ್ತೆ ತೆರೆದ ಮೇಲಿನ ಆರು ವಾರಗಳಲ್ಲಿ ಟೋಬಿನ್ ಬಾವಿಗೆ ಕೆಮ್ಮುತ್ತ ಬಂದ ಕಾರುಗಳು ಅರವತ್ತೊಂದು. ಇದರಲ್ಲಿ ಒಂದನ್ನೂ ಈ ಲೇಖಕ ತನ್ನ ಕೈಯಿಂದ ಸೇರಿಸಿಲ್ಲ. ಕುರ್ಚಿ ಸಾಲದೆ ಟೈರುಗಳ ಮೇಲೆ ಕೂತು ಉಂಡರು. ಒಬ್ಬ ಅಕಾರ್ಡಿಯನ್ ನುಡಿಸಿದ. ಮೇವಿಸ್ ಅವರು ನಗುವುದನ್ನು ಈ ಲೇಖಕ ಕಂಡದ್ದು ಆ ತಿಂಗಳಲ್ಲೇ, ಮತ್ತು ಆ ನಗುವಿಗೆ ಗ್ಯಾರೇಜಿನ ಮೇಲೆ ಕೂತ ಕಾಗೆಗಳು ಹಾರಿಹೋಗಿ ಮೂರು ದಿನ ಹಿಂತಿರುಗಲಿಲ್ಲ.

ಇನ್ನು ಮುಂದಿನದನ್ನು ಅಭಿನಂದನ ಲೇಖನದಲ್ಲಿ ಬರೆಯುವುದು ವಾಡಿಕೆಯಲ್ಲ. ಆದರೆ ಅವರದೇ ಅಪ್ಪಣೆ: "ಹೊಗಳೋದಿದ್ರೆ ಇದನ್ನೂ ಬರಿ ಡೆಸ್. ಇಲ್ದಿದ್ರೆ ಏನೂ ಬರೀಬೇಡ."

ಮೂರನೆಯ ವಾರಕ್ಕೇ ಅವರಿಗೆ ತಿಳಿದುಹೋಗಿತ್ತು. ಕಪಾಟಿನ ಹೊಸ ಚೀಟಿಗಳ ಮೇಲೆಲ್ಲ ಒಂದೇ ಬಂಕಿನ ಹೆಸರಿತ್ತು: ದಕ್ಷಿಣಕ್ಕಿರುವ ನೆವಿಲ್ ಪಾಶ್ಕೆಯವರದ್ದು. ನೆಲದಡಿಯ ಟ್ಯಾಂಕಿನ ಬೆಸುಗೆ ತುಕ್ಕು ಹಿಡಿದು ಮಳೆನೀರು ಒಳಗಿಳಿಯುತ್ತಿತ್ತು. ಹೇಳಿದರೆ ಪಾಶ್ಕೆ ಟ್ಯಾಂಕು ಬದಲಿಸುತ್ತಾರೆ. ಬದಲಿಸಿದರೆ, ಪೆಟ್ರೋಲು ಮಾರದ ಈ ಗ್ಯಾರೇಜಿನ ಮುಂದೆ ಕಾರುಗಳಿಗೆ ನಿಲ್ಲುವ ಕೆಲಸವೇನು? ಮೇವಿಸ್ ಅವರು ಮೂರು ವಾರ ಸುಮ್ಮನಿದ್ದರು.

ಕೊನೆಯ ವಾರದಲ್ಲಿ ಅಂಚೆ ಲಾರಿಗೆ, ಟೋಬಿನ್ ಬಾವಿಯಿಂದ ತೊಂಬತ್ತು ಕಿಲೋಮೀಟರ್ ಮುಂದೆ, ಸತ್ತು ನಿಂತ ಕಾರೊಂದರ ನೆರಳಿನಲ್ಲಿ ಲೋಯಿಸ್ ಫೆದರ್‌ಸ್ಟನ್ ಎಂಬ ದಾದಿ ಸಿಕ್ಕಿದರು. ನೀರು ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಆಕೆಯ ಕಾರು ಅಲ್ಲಿಯವರೆಗೆ ಕೆಮ್ಮದೆ ಓಡಿ, ಪೆಟ್ರೋಲು ಇಳಿದ ಮೇಲೆ ಒಮ್ಮೆಲೇ ನೀರು ನುಂಗಿ ಪ್ರಾಣ ಬಿಟ್ಟಿತ್ತು. ಎರಡು ದಿನದ ಬಿಸಿಲಿಗೆ ತುಟಿಗಳು ಒಡೆದಿದ್ದವು. ಲಾರಿ ತಿರುಗಿಸಿ ಆಕೆಯನ್ನು ಮೇವಿಸ್ ಅವರಲ್ಲಿಗೆ ತಂದದ್ದಾಯಿತು. ಚಮಚದಲ್ಲಿ ನೀರು ಕುಡಿಸುತ್ತಿದ್ದಾಗ ಆಕೆ ಹೇಳಿದ ಮಾತಿದು:

"ನಿಮ್ಮ ಬಾಗಿಲ ಮುಂದೇ ಹೋದೆ ಅಕ್ಕ. ದೀಪ ಕಾಣ್ತು. ನಿಂತು ಒಂದು ಟೀ ಕುಡಿಯೋಣ ಅನ್ನಿಸ್ತು. ಕಾರಣ ಇರ್ಲಿಲ್ಲ ನೋಡಿ, ಹಾಗೇ ಹೋದೆ."

ಮೇವಿಸ್ ಅವರು ಚಮಚ ಕೆಳಗಿಟ್ಟರು. ಮರುದಿನ ಬೆಳಿಗ್ಗೆ ಕಪಾಟಿನ ಆರು ಬಾಟಲಿ, ಅಳತೆಕೋಲು, ನೀರು ತಾಗಿದರೆ ಕೆಂಪಾಗುವ ಲೇಪದ ಡಬ್ಬಿ ಹಿಡಿದು ಅಂಚೆ ಲಾರಿ ಹತ್ತಿದರು.

ಪಾಶ್ಕೆ ಮೊದಲು ಒಪ್ಪಲಿಲ್ಲ. "ನನ್ನ ಪೆಟ್ರೋಲನ್ನ ಮಗೂಗೆ ಕುಡಿಸ್ಬೋದು," ಎಂದರು.

"ಮಗು ಕುಡೀಬೋದು ಕಣಪ್ಪ, ಅಷ್ಟು ನೀರಿದೆ," ಎಂದು ಮೇವಿಸ್ ಅವರು ಲೇಪ ಹಚ್ಚಿದ ಕೋಲನ್ನು ಟ್ಯಾಂಕಿಗಿಳಿಸಿದರು. ಮೇಲೆ ಬಂದಾಗ ಕೋಲು ತಳದಿಂದ ನಾಲ್ಕು ಬೆರಳಷ್ಟು ಕೆಂಪಾಗಿತ್ತು.

ಪಾಶ್ಕೆ ಕೆಟ್ಟವರಲ್ಲ. ಕೋಲನ್ನೂ ಮೇವಿಸ್ ಅವರ ಮುಖವನ್ನೂ ನೋಡಿದರು. "ಮೇವಿಸಕ್ಕ, ಇದನ್ನ ಸರಿ ಮಾಡಿಸಿದ್ರೆ ನಿನ್ ಹತ್ರ ಯಾರ್ ಬರ್ತಾರೆ?"

"ಯಾರೂ ಬರಲ್ಲ. ಬಾಯಿ ಮುಚ್ಕೊಂಡು ಪಂಪಿಗೆ ಬೀಗ ಹಾಕು."

ಹೊಸ ಟ್ಯಾಂಕು ಬಂತು. ಮುಂದಿನ ತಿಂಗಳು ನಿಂತ ಕಾರು ಒಂಬತ್ತು, ಅದರ ಮುಂದಿನ ತಿಂಗಳು ಎರಡು, ಆಮೇಲೆ ಧೂಳು. ದಕ್ಷಿಣದಲ್ಲಿ ಎದ್ದ ಧೂಳು ಬೆಳೆದು, ಗ್ಯಾರೇಜಿನ ಮುಂದೆ ಗಳಿಗೆ ಹೊತ್ತು ಕಾರಾಗಿ, ಉತ್ತರದಲ್ಲಿ ಮತ್ತೆ ಧೂಳಾಗುವುದನ್ನು ಮೇವಿಸ್ ಅವರು ಜಗಲಿಯಿಂದ ನೋಡುತ್ತಿದ್ದರು. ಎಂಜಿನ್ನುಗಳ ಸದ್ದಿನಲ್ಲಿ ಒಂದು ಕೆಮ್ಮೂ ಇರುತ್ತಿರಲಿಲ್ಲ. ಕಪಾಟಿನ ಬಾಟಲಿಗಳಲ್ಲಿ ವರ್ಷಗಳು ಕಳೆದಂತೆ ಪೆಟ್ರೋಲು ಮುಚ್ಚಳದ ಸಂದಿಯಿಂದ ಆವಿಯಾಗಿ ಹೋಯಿತು. ತಳದ ಕಂದು ನೀರು ಮಾತ್ರ, ಹೆಸರಿನ ಚೀಟಿ ಹೊತ್ತುಕೊಂಡು, ಹಾಗೇ ಕೂತಿತು.

ದಾದಿಯ ಮಾತು ಈ ಲೇಖಕನ ಕಿವಿಗೂ ಬಿದ್ದಿತ್ತು. ಅವನದು ಡೀಸೆಲ್ ಲಾರಿ, ಅಂಚೆಚೀಲ ಎಸೆದು ಹೋಗಲು ಅರ್ಧ ನಿಮಿಷ ಸಾಕು. ಆದ್ದರಿಂದ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಒಂದು ಡಬ್ಬ ಪೆಟ್ರೋಲು ಇಳಿಸಿ, "ಮೇವಿಸ್, ಇದರಲ್ಲೇನೋ ಇದೆ ಅಂತ ನನಗೆ ಅನುಮಾನ," ಎನ್ನತೊಡಗಿದ. ಅವರು ಹ್ಯಾಟು ತಂದು ಸೋಸುವರು. ಸೋಸುವಷ್ಟರಲ್ಲಿ ಟೀ ಆಗುವುದು. ಡಬ್ಬ ಪ್ರತಿ ಸಲವೂ ಅದೇ. ಪೆಟ್ರೋಲೂ ಹೆಚ್ಚುಕಮ್ಮಿ ಅದೇ.

ಎಂಟನೆಯ ವರ್ಷವೋ ಒಂಬತ್ತನೆಯದೋ, ಮೇವಿಸ್ ಅವರು ಖಾಲಿ ಹ್ಯಾಟಿನೊಳಗೆ ನೋಡುತ್ತ ಹೇಳಿದರು: "ಡೆಸ್, ಈ ಪೆಟ್ರೋಲಿಗೆ ನನ್ನ ಮುಖ ಪರಿಚಯ ಆಗ್ಬಿಟ್ಟಿದೆ."

ಈ ಲೇಖಕನಿಗೆ ಹುಟ್ಟಿದಂದಿನಿಂದ ಮೊದಲ ಬಾರಿ ಸುಳ್ಳು ಹೊಳೆಯಲಿಲ್ಲ.

"ನೀರೇನೂ ಇಲ್ಲ," ಎಂದರು ಅವರು. ಹ್ಯಾಟನ್ನು ಮತ್ತೆ ಡಬ್ಬದ ಬಾಯಿಗೆ ಹಿಡಿದು, "ಆದ್ರೂ ಇನ್ನೊಂದ್ಸಲ ಸೋಸಿ ನೋಡೋಣ. ಕೂತ್ಕೋ."

ಗ್ಯಾರೇಜು ಮುಚ್ಚಿದರೂ ಟೋಬಿನ್ ಬಾವಿ ಬಿಟ್ಟು ಪೇಟೆಗೆ ಬರಲು ಮಾನ್ಯ ಮೇವಿಸ್ ಟ್ರೆಗೆನ್ಸಾ ಅವರು ಒಪ್ಪಿಲ್ಲ. ಅವರು ನೂರ ಮೂವತ್ತು ವರ್ಷ ಬಾಳಲಿ, ಅವರ ಕಿವಿ ಇನ್ನೂರು ವರ್ಷ ಬಾಳಲಿ, ಆ ಹ್ಯಾಟಿಗೆ ನುಸಿ ಹಿಡಿಯದಿರಲಿ. ಬರುವ ಜೂನ್‌ನಿಂದ ಅಂಚೆ ವಿಮಾನದಲ್ಲಿ ಬರಲಿದೆ, ಲಾರಿ ನಿಲ್ಲಲಿದೆ. ಈ ಲೇಖಕ ಒಂದು ಹಳೆಯ ಕಾರು ಕೊಂಡಿದ್ದಾನೆ. ಅದರ ಎಂಜಿನ್ನು ಗಡಿಯಾರದ ಹಾಗೆ ಓಡುತ್ತದೆ. ಆದರೂ ಪೆಟ್ರೋಲಿನ ಮೇಲೆ ಅವನಿಗೆ ಈಗಿನಿಂದಲೇ ಬಹಳ ಗುಮಾನಿ.