ಲೈಸೆನ್ಸ್ ತಂದ ಉತ್ತರ

ನಮ್ಮತ್ತೆ ಮೂಳೆ ಕೂರಿಸುವವರು. ನೋವಿನ ಜಾಗವನ್ನು ಕಣ್ಣಿಂದ ನೋಡುತ್ತಲೇ ಇರಲಿಲ್ಲ. ಮುಖ ಗೋಡೆಗೆ ತಿರುಗಿಸಿ, ಹೆಬ್ಬೆರಳಿನಲ್ಲಿ ಒತ್ತುತ್ತಾ ಹೋಗಿ, ಉಳುಕೋ ಮುರಿತವೋ ಹೇಳಿಬಿಡುತ್ತಿದ್ದರು. ಉಳುಕಿಗೆ ಎಣ್ಣೆ, ಮುರಿತಕ್ಕೆ ಬಿದಿರಿನ ದಬ್ಬೆ, ಎರಡಕ್ಕೂ ಹೊಟ್ಟೆ ತುಂಬ ಬೈಗುಳ. ಜನ ಅದನ್ನೂ ಸೇರಿಸಿಯೇ ಕೈಗುಣ ಅಂತಿದ್ದರು.

ಆಮೇಲೆ ಹೊಸ ಕಾನೂನು ಬಂತು. ಪರೀಕ್ಷೆ ಪಾಸಾಗಿ ಲೈಸೆನ್ಸ್ ತಗೊಳ್ಳುವ ತನಕ ಯಾರ ಮೈಯನ್ನೂ ಮುಟ್ಟಕೂಡದು, ಮುಟ್ಟಿದರೆ ಜೈಲು. ಪರೀಕ್ಷೆಯೋ, ಇವತ್ತು ನಾಳೆ ಅಂತ ವರ್ಷ ತಳ್ಳಿದರು. ಅಲ್ಲಿವರೆಗೆ ಬಾಗಿಲು ಹಾಕಿ ಕೂತ ಅತ್ತೆ ಮನೆಮಂದಿಯ ಮೇಲೆಲ್ಲ ರೇಗಿದರು. ನಾನೇನು ಕಮ್ಮಿಯೇ, ನಾನೂ ರೇಗಿದೆ. ಪರೀಕ್ಷೆಗೆ ಇರುವುದು ಒಂದೇ ಅವಕಾಶ, ಫೇಲಾದರೆ ಆ ಬಾಗಿಲು ಮುಚ್ಚಿದ್ದು ಮುಚ್ಚಿದ್ದೇ.

ಪರೀಕ್ಷೆಗೆ ಜೊತೆಯಲ್ಲಿ ಒಬ್ಬರು ಬರಬಹುದು ಅಂದಿದ್ದಕ್ಕೆ ನಾನು ಹೋದೆ. ಡಾಕ್ಟರುಗಳು ಸಾಲಾಗಿ ಕೂತಿದ್ದರು. ಏಣಿಯಿಂದ ಬಿದ್ದು ಮಣಿಕಟ್ಟು ಊದಿಸಿಕೊಂಡಿದ್ದ ಪೇಂಟರೊಬ್ಬನನ್ನು ಅತ್ತೆಯ ಮುಂದೆ ಕೂರಿಸಿದರು. ಅತ್ತೆ ಮುಖ ತಿರುಗಿಸಿ ಒತ್ತಿದರು. ಮತ್ತೆ ಒತ್ತಿದರು. ಒಂದು ಬೈಗುಳವೂ ಇಲ್ಲ. ಪೇಂಟರ್ ಹಲ್ಲು ಕಚ್ಚಿಕೊಂಡ. ಅತ್ತೆ ಈ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ ಆ ಕೈಯನ್ನೇ ನೋಡಿದರು. ಏನಾದರೊಂದು ಹೇಳಿ ಸಾಯಬಾರದೇ ಈಕೆ ಅಂತ ಒಳಗೊಳಗೇ ಬೈದೆ.

"ನನಗೆ ಗೊತ್ತಾಗ್ತಿಲ್ಲ. ಇವನನ್ನ ಆಸ್ಪತ್ರೆಗೆ ಕಳಿಸಿ, ಎಕ್ಸ್‌ರೇ ತೆಗೆಸಿ," ಅಂದರು ಅತ್ತೆ.

ಮುಗೀತು ಕಥೆ ಅಂದುಕೊಂಡೆ. ನೋಡಿದರೆ ಡಾಕ್ಟರುಗಳ ಮುಖ ಅರಳಿದೆ! ಅವರಿಗೆ ಬೇಕಿದ್ದದ್ದು ಇದೇ ಉತ್ತರವಂತೆ. ಬೆಳಗಿನಿಂದ ಬಂದವರೆಲ್ಲ ಎಳೆದು ಕೂರಿಸಲು ಹೋಗಿಯೇ ಫೇಲಾಗಿದ್ದರಂತೆ. ತನ್ನ ಮಿತಿ ಬಲ್ಲ ಹೆಂಗಸು ಅಂತ ಹೊಗಳಿ ಲೈಸೆನ್ಸ್ ಕೊಟ್ಟರು.

ದಾರಿಯುದ್ದಕ್ಕೂ ನನ್ನದೇ ಮಾತು. ಎಂಥ ಕಿಲಾಡಿ ಅತ್ತೆ ನೀವು, ಅವರ ಮನಸ್ಸಲ್ಲಿರೋದನ್ನೇ ಹೇಳಿಬಿಟ್ರಲ್ಲ ಅಂತ ಛೇಡಿಸಿದೆ. ಅವರು ನಗಲಿಲ್ಲ. ಸುಸ್ತಾಗಿದೆ ಪಾಪ ಅಂದುಕೊಂಡೆ.

ಮನೆ ಮುಂದೆ ದರ್ಜಿಯ ಹೆಂಡತಿ ಮೊಣಕೈ ಹಿಡಿದುಕೊಂಡು ಆಗಲೇ ಕಾಯುತ್ತಿದ್ದಳು. ನಾನು ಬಾಗಿಲು ತೆಗೆದು ಬೆಂಚು ಒರೆಸಿದೆ. ಹಬ್ಬದಷ್ಟು ಸಂತೋಷ ನನಗೆ. ಅತ್ತೆ ನನ್ನನ್ನು ಒಳಕ್ಕೆ ಎಳೆದುಕೊಂಡು, ಸಣ್ಣ ದನಿಯಲ್ಲಿ ಹೇಳಿದರು:

"ನಾನು ಕಿಲಾಡಿತನ ಮಾಡ್ಲಿಲ್ಲ ಕಣೇ. ಕೈಗೆ ಏನೂ ತಿಳೀಲೇ ಇಲ್ಲ. ವರ್ಷ ಸುಮ್ನೆ ಕೂತು ಎಲ್ಲ ಮರೆತುಬಿಟ್ಟಿದೆ. ಇವಳನ್ನೂ ಕಳಿಸಿಬಿಡು."

ನನಗೆ ಅಳು ಬಂತು. ನುಂಗಿಕೊಂಡು ಹೊರಗೆ ಹೋಗಿ ದರ್ಜಿಯ ಹೆಂಡತಿಗೆ ಆಸ್ಪತ್ರೆಗೆ ಹೋಗು ಅಂದೆ. ಲೈಸೆನ್ಸ್ ಬಂದಮೇಲೂ ಇದೇನು ಧಿಮಾಕು ನಿಮ್ಮದು ಅಂತ ಅವಳು ಬೀದಿಗೆಲ್ಲ ಕೇಳುವ ಹಾಗೆ ಬೈದುಕೊಂಡು ಹೋದಳು.